ಇಸಿಲದ ಬಂಡೆಯೂ ಜನವರಿ ಇಪ್ಪತ್ತಾರೂ

ನಮ್ಮ ರಾಷ್ಟ್ರೀಯ ಹಬ್ಬಗಳಲ್ಲಿ ಆಗಸ್ಟ್ ಹದಿನೈದಕ್ಕೆ ಒಂದು ಕಥೆಯಿದೆ; ಅಕ್ಟೋಬರ್ ಎರಡಕ್ಕೆ ಒಬ್ಬ ಮಹಾಪುರುಷನ ಬದುಕಿದೆ. ಜನವರಿ ಇಪ್ಪತ್ತಾರಕ್ಕೆ ಇರುವುದು ಒಂದು ಪುಸ್ತಕ ಮಾತ್ರ. ಪುಸ್ತಕವೊಂದನ್ನು ಹಬ್ಬವಾಗಿ ಆಚರಿಸುವುದು ಸುಲಭವಲ್ಲ. ನಮ್ಮ ಮನೆಗಳಲ್ಲಿ ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ಅರಿಶಿನ ಕುಂಕುಮ ಏರಿಸಿ, ಅಂದು ಮಾತ್ರ ಅವನ್ನು ತೆರೆಯಬಾರದೆಂದು ಮಕ್ಕಳಿಗೆ ತಾಕೀತು ಮಾಡುವ ಪದ್ಧತಿ ಇದೆಯಷ್ಟೆ. ಗಣರಾಜ್ಯೋತ್ಸವದ ಪುಸ್ತಕಕ್ಕೂ ನಾವು ಬಹುಮಟ್ಟಿಗೆ ಇದೇ ಮರ್ಯಾದೆಯನ್ನು ಸಲ್ಲಿಸುತ್ತ ಬಂದಿದ್ದೇವೆ. ನಾನು ಹುಟ್ಟಿ ಬೆಳೆದ ಮೊಳಕಾಲ್ಮೂರು ಸೀಮೆಯ ಹಿರಿಯರು ಆಗಸ್ಟ್ ಹದಿನೈದನ್ನು ಬಾವುಟದ ಹಬ್ಬವೆಂದೂ ಜನವರಿ ಇಪ್ಪತ್ತಾರನ್ನು ಎರಡನೆಯ ಬಾವುಟದ ಹಬ್ಬವೆಂದೂ ಕರೆಯುತ್ತಿದ್ದರು. ಎರಡನೆಯದು ಏಕೆ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳವಾಗಿದ್ದರು.

ಮೊದಲು ದಿನಾಂಕದ ಮಾತು. ೧೯೨೯ರ ಡಿಸೆಂಬರಿನಲ್ಲಿ ರಾವಿ ನದಿಯ ದಡದ ಲಾಹೋರಿನಲ್ಲಿ ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯವೇ ತನ್ನ ಗುರಿಯೆಂದು ಸಾರಿತು. ಅದುವರೆಗೆ ಬ್ರಿಟಿಷ್ ಛತ್ರದ ಕೆಳಗಿನ ಸ್ವಯಮಾಡಳಿತ ಸಾಕೆನ್ನುತ್ತಿದ್ದವರ ಬಾಯಿ ಅಲ್ಲಿಗೆ ಕಟ್ಟಿತು. ದೇಶದ ಜನ ಈ ಸಂಕಲ್ಪವನ್ನು ಒಟ್ಟಾಗಿ ಕೈಗೊಳ್ಳಲು ಜನವರಿಯ ಕೊನೆಯ ಭಾನುವಾರವನ್ನು ಗೊತ್ತುಮಾಡಲಾಯಿತು. ಅದು ೧೯೩೦ರ ಜನವರಿ ೨೬ರಂದು ಬಿದ್ದಿತ್ತು. ಅಲ್ಲಿಂದ ಮುಂದೆ ಹದಿನೇಳು ವರ್ಷಕಾಲ ದೇಶಭಕ್ತರ ಪಾಲಿಗೆ ಅದೇ ಸ್ವಾತಂತ್ರ್ಯ ದಿನ. ಆದರೆ ಸ್ವಾತಂತ್ರ್ಯ ನಿಜವಾಗಿ ಬಂದಾಗ ದಿನವನ್ನು ಆರಿಸಿದವರು ಮೌಂಟ್‌ಬ್ಯಾಟನ್; ಅವರು ಆರಿಸಿದ್ದು ಜಪಾನ್ ಶರಣಾದ ಆಗಸ್ಟ್ ೧೫ನ್ನು. ಹೀಗೆ ಹಳೆಯ ಸ್ವಾತಂತ್ರ್ಯ ದಿನ ಕೆಲಸವಿಲ್ಲದೆ ಉಳಿಯಿತು. ೧೯೪೯ರ ನವೆಂಬರ್ ೨೬ರಂದು ಸಂವಿಧಾನ ರಚನಾಸಭೆ ತನ್ನ ಕೃತಿಯನ್ನು ಅಂಗೀಕರಿಸಿದಾಗ, ಅದನ್ನು ಪೂರ್ಣವಾಗಿ ಜಾರಿಗೆ ತರಲು ಎರಡು ತಿಂಗಳು ಕಾದದ್ದು ಈ ಹಳೆಯ ಸಂಕಲ್ಪದ ದಿನಕ್ಕೆ ಸಲ್ಲಬೇಕಾದ ಗೌರವ ಸಲ್ಲಲೆಂದೇ.

ಲಾಹೋರಿನ ಸಂಕಲ್ಪ ನಮ್ಮ ಕಡೆಗೆ ನೇರವಾಗಿ ಬರುವಂತಿರಲಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮೈಸೂರು ಸಂಸ್ಥಾನದ ಉತ್ತರದ ಅಂಚಿನಲ್ಲಿದ್ದವು. ಆಚೆಗಿನ ಬಳ್ಳಾರಿ, ರಾಯದುರ್ಗಗಳು ಮದ್ರಾಸ್ ಪ್ರಾಂತಕ್ಕೆ ಸೇರಿ ನೇರ ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಹೊಲದ ಬದು ದಾಟಿದರೆ ಸರ್ಕಾರವೇ ಬದಲಾಗುವ ಸೀಮೆ ಇದು. ಆಚೆಯವನು ಬ್ರಿಟಿಷರ ವಿರುದ್ಧ ಘೋಷಣೆ ಕೂಗಬಹುದಾಗಿತ್ತು. ಈಚೆಯವನು ಯಾರ ವಿರುದ್ಧ ಕೂಗಬೇಕು? ಮಹಾರಾಜರು ನಮ್ಮವರೇ, ಪ್ರಜಾವತ್ಸಲರೆಂದು ಹೆಸರಾದವರೇ. ೧೮೮೧ರಷ್ಟು ಹಿಂದೆಯೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ನೆರೆಸಿದ್ದರು. ಆ ಸಭೆಯಲ್ಲಿ ಪ್ರಜೆಗಳು ಅಹವಾಲು ಹೇಳಿಕೊಳ್ಳಬಹುದಿತ್ತು; ಆಜ್ಞೆ ಹೊರಡಿಸುವಂತಿರಲಿಲ್ಲ. ಅಹವಾಲಿಗೂ ಅಧಿಕಾರಕ್ಕೂ ನಡುವೆ ಇರುವ ಈ ಅಂತರವೇ ಮುಂದಿನ ಚಳವಳಿಯ ಬೀಜ.

ಆ ಚಳವಳಿ ಕಣ್ಣಿಗೆ ಬಿದ್ದದ್ದು ಬಾವುಟದ ರೂಪದಲ್ಲಿ. ೧೯೩೮ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ತ್ರಿವರ್ಣ ಧ್ವಜ ಏರಿತು. ಅದೇ ತಿಂಗಳು ೨೫ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಹಲವರು ಮಡಿದರು. ಬಳಿಕ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ರಾಷ್ಟ್ರಧ್ವಜವನ್ನೂ ಹಾರಿಸಬಹುದೆಂದಾಯಿತು. ಮರುವರ್ಷ ನಮ್ಮ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದ ಗುತ್ತಿಗೆಯಿಂದ ಬೊಕ್ಕಸ ತುಂಬಿಸಿಕೊಳ್ಳುತ್ತಿದ್ದ ಸರ್ಕಾರಕ್ಕೆ ಜನ ಕೊಡಲಿಯಿಂದ ಕೊಟ್ಟ ಉತ್ತರ ಅದು. ನಿಜಲಿಂಗಪ್ಪನವರು ಸೆರೆಮನೆಯ ದಾರಿ ಹಿಡಿದದ್ದು ಆ ಕೊಡಲಿಯೊಂದಿಗೆ. ಮುಂದೆ ಅವರೇ ಸಂವಿಧಾನ ರಚನಾಸಭೆಯ ಸದಸ್ಯರಾದರು ಎಂಬುದನ್ನು ಇಲ್ಲಿ ನೆನೆಯಬೇಕು. ಸಾಹಿತ್ಯಪ್ರಿಯರಾದ ಓದುಗರಿಗೆ ಇನ್ನೊಂದು ಮಾತು: ಚಳ್ಳಕೆರೆ ತಾಲ್ಲೂಕಿನ ತಳುಕು ಎಂಬ ಪುಟ್ಟ ಊರು ಪ್ರೊ. ಟಿ.ಎಸ್. ವೆಂಕಣ್ಣಯ್ಯನವರನ್ನೂ ತ.ರಾ.ಸು. ಅವರ ಮನೆತನವನ್ನೂ ನಾಡಿಗೆ ಕೊಟ್ಟಿತಷ್ಟೆ. ಆ ಮನೆತನದ ಕಿರಿಯರಾದ ತ.ರಾ.ಸು. ೧೯೪೨ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಕಂಡವರು.

೧೯೪೭ರ ಆಗಸ್ಟ್ ೧೫ರಿಂದ ೧೯೫೦ರ ಜನವರಿ ೨೬ರವರೆಗಿನ ಕಾಲವನ್ನು ನಾವು ಪಾಠ ಹೇಳುವಾಗ ಹಾರಿಸಿಬಿಡುತ್ತೇವೆ. ಆ ಎರಡೂವರೆ ವರ್ಷ ಭಾರತ ಸ್ವತಂತ್ರವಾಗಿದ್ದರೂ ಗಣರಾಜ್ಯವಾಗಿರಲಿಲ್ಲ. ಹೆಸರಿಗೆ ಇಂಗ್ಲೆಂಡಿನ ಆರನೆಯ ಜಾರ್ಜ್ ದೊರೆಯೇ ನಮಗೂ ದೊರೆ. ಮೈಸೂರಿನ ಪ್ರಜೆಗಳಿಗಂತೂ ಆಗಸ್ಟ್ ೧೫ ಅರ್ಧ ಹಬ್ಬ. ಜವಾಬ್ದಾರಿ ಸರ್ಕಾರಕ್ಕಾಗಿ ಅವರು ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಹೂಡಬೇಕಾಯಿತು. ಅಕ್ಟೋಬರ್ ಕೊನೆಯ ವಾರದಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ೧೯೪೯ರ ನವೆಂಬರ್ ೨೫ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನವೆಂದು ಘೋಷಣೆ ಹೊರಡಿಸಿದರು. ರಾಜನೊಬ್ಬ ತನ್ನ ಕೊನೆಯ ಮಹಾಶಾಸನದ ಮೂಲಕ ಶಾಸನ ಮಾಡುವ ಹಕ್ಕನ್ನೇ ಬಿಟ್ಟುಕೊಟ್ಟ ಪ್ರಸಂಗವಿದು. ಇದನ್ನು ನಮ್ಮ ಕವಿಗಳು ಏಕೆ ಗಮನಿಸಲಿಲ್ಲವೋ ನನಗೆ ಅಚ್ಚರಿ.

ಜನವರಿ ೨೬ರಂದು ಮೈಸೂರು ‘ಬಿ’ ಭಾಗದ ರಾಜ್ಯವಾಯಿತು, ಮಹಾರಾಜರು ರಾಜಪ್ರಮುಖರಾದರು. ಆಚೆಯ ಬಳ್ಳಾರಿ ‘ಎ’ ಭಾಗದ ಮದ್ರಾಸಿನಲ್ಲಿ ಉಳಿಯಿತು. ಗಡಿ ಒಂದೇ ದಿನದಲ್ಲಿ ಅಳಿಯಲಿಲ್ಲ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರಿಗೆ ಬಂದಿತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಇಂದಿಗೂ ಮೊಳಕಾಲ್ಮೂರಿನ ಅನೇಕ ಮನೆಗಳ ಒಳಮಾತು ತೆಲುಗು, ರಾಯದುರ್ಗದ ಅನೇಕ ಮನೆಗಳ ಒಳಮಾತು ಕನ್ನಡ. ಆದರೆ ೧೯೫೦ರ ಆ ಬೆಳಗ್ಗೆ ಗಡಿಯ ಎರಡೂ ಕಡೆಯವರು ಮೊದಲ ಬಾರಿಗೆ ಒಂದೇ ಪುಸ್ತಕದ ಒಕ್ಕಲಾದರು. ಮುಂದೆ ೧೯೫೧-೫೨ರ ಮಹಾಚುನಾವಣೆಯಲ್ಲಿ ಆಸ್ತಿ, ಅಕ್ಷರ, ಜಾತಿ, ಲಿಂಗ ಯಾವುದನ್ನೂ ಕೇಳದೆ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬಂತು. ಬೇಡರ ಹಟ್ಟಿಯ ಮುದುಕಿಯ ಓಟೂ ಸಾಹುಕಾರರ ಓಟೂ ಒಂದೇ ತೂಕದ್ದಾದವು. ೨೦೦೮ರಿಂದ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ. ಮ್ಯಾಸನಾಯಕರ ಹಟ್ಟಿಗಳು ದಟ್ಟವಾಗಿರುವ ಈ ನಾಡಿನಲ್ಲಿ ಅದು ಸಣ್ಣ ಸಂಗತಿಯಲ್ಲ.

ಕನ್ನಡ ಅಧ್ಯಾಪಕನಾದ ನಾನು ಪದಗಳನ್ನು ಕುರಿತು ಒಂದೆರಡು ಮಾತು ಆಡದೆ ಮುಂದೆ ಹೋಗಲಾರೆ. ಗಣ ಎಂದರೆ ಗುಂಪು, ಸಮೂಹ. ಬುದ್ಧನ ಕಾಲದ ಲಿಚ್ಛವಿ ಮೊದಲಾದವರ ಆಡಳಿತಕ್ಕೆ ಗಣ, ಸಂಘ ಎಂಬ ಹೆಸರುಗಳಿದ್ದವು. ಕನ್ನಡದವರಾದ ನಮಗೆ ಗಣವೆಂದರೆ ಛಂದಸ್ಸಿನ ಗಣ, ಇಲ್ಲವೆ ಶಿವನ ಗಣ. ಛಂದಸ್ಸಿನ ಗಣದಲ್ಲಿ ಗುರುವೂ ಇರುತ್ತದೆ, ಲಘುವೂ ಇರುತ್ತದೆ. ಲಘುವನ್ನು ಕಿತ್ತುಹಾಕಿದರೆ ಗಣವೇ ಕೆಡುತ್ತದೆ. ಶಿವನ ಗಣಗಳಲ್ಲಿ ಕುಂಟ, ಕುರುಡ, ಬೋಳ ಎಲ್ಲರೂ ಉಂಟು. ಗಣರಾಜ್ಯ ಎಂಬ ಮಾತನ್ನು ಪಾಶ್ಚಾತ್ಯ ಪದವೊಂದಕ್ಕೆ ಸಮಾನವಾಗಿ ಹುಡುಕಿ ಇಟ್ಟುಕೊಂಡೆವಾದರೂ, ನಮ್ಮ ಕಿವಿಗೆ ಅದು ಮೂಲಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ ಎಂಬುದು ನನ್ನ ಭಾವನೆ. ರಾಷ್ಟ್ರಗೀತೆಯ ಹೆಸರಿನಲ್ಲೇ ಈ ಗಣ ಕುಳಿತಿದೆ. ಅದು ರಾಷ್ಟ್ರಗೀತೆಯೆಂದು ಘೋಷಿತವಾದದ್ದೂ ೧೯೫೦ರ ಜನವರಿ ೨೪ರಂದು, ಸದಸ್ಯರು ಸಂವಿಧಾನಕ್ಕೆ ರುಜು ಹಾಕಿದ ದಿನವೇ.

ಇನ್ನು ಮೊಳಕಾಲ್ಮೂರಿನ ನಿಜವಾದ ಸಂಪತ್ತಿಗೆ ಬರುತ್ತೇನೆ. ಜನವರಿ ೨೬ರಂದೇ ಸಾರನಾಥದ ಅಶೋಕಸ್ತಂಭದ ಸಿಂಹಶೀರ್ಷ ನಮ್ಮ ರಾಷ್ಟ್ರಲಾಂಛನವಾಯಿತು. ಧ್ವಜದ ನಡುವೆ ಅಶೋಕನ ಚಕ್ರ ಬಂದು ಕುಳಿತದ್ದು ೧೯೪೭ರ ಜುಲೈ ೨೨ರಂದು. ಈ ಅಶೋಕನನ್ನು ಕಾಣಲು ನಾವು ಸಾರನಾಥಕ್ಕೆ ಹೋಗಬೇಕಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ನೆಲೆಗಳಲ್ಲಿ ಅವನ ಶಾಸನಗಳಿವೆ. ಅವನ್ನು ೧೮೯೨ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿ, ಅಶೋಕನ ಆಜ್ಞೆ ಕನ್ನಡನಾಡಿನವರೆಗೆ ನಡೆದಿತ್ತೆಂಬುದನ್ನು ಲೋಕಕ್ಕೆ ತಿಳಿಸಿದರು. ೧೯೪೭ರಲ್ಲಿ, ಸ್ವಾತಂತ್ರ್ಯ ಬಂದ ವರ್ಷವೇ, ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದು ಕಲ್ಲಿನ ಕೊಡಲಿಗಳ ಕಾಲದಿಂದ ಶಾತವಾಹನರ ಮಡಕೆಗಳ ಕಾಲದವರೆಗಿನ ಜನವಸತಿಯನ್ನು ಪದರಪದರವಾಗಿ ತೋರಿಸಿದರು.

ಬ್ರಹ್ಮಗಿರಿಯ ಶಾಸನ ಒಂದು ಕಾಗದದಂತೆ ಮೊದಲಾಗುತ್ತದೆ. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸಿ ಮುಂದಿನ ಆಜ್ಞೆಯನ್ನು ತಿಳಿಸುತ್ತಾರೆ. ನಮ್ಮ ಹಿರಿಯರ ಪತ್ರಗಳ ‘ಉಭಯ ಕುಶಲೋಪರಿ’ಗೆ ಇಷ್ಟು ಹಳೆಯ ಪೂರ್ವಜನುಂಟು. ಇಸಿಲ ಎಂಬುದು ಕನ್ನಡದ ‘ಇಸು’ ಧಾತುವಿನಿಂದ, ಅಂದರೆ ಬಾಣ ಬಿಡು ಎಂಬರ್ಥದ ಪದದಿಂದ ಬಂದದ್ದೆಂದು ಡಿ.ಎಲ್. ನರಸಿಂಹಾಚಾರ್ಯರ ಅಭಿಪ್ರಾಯ. ಅದನ್ನು ಒಪ್ಪಿದರೆ ಶಾಸನದಲ್ಲಿ ಬರೆಯಲ್ಪಟ್ಟ ಅತಿ ಹಳೆಯ ಕನ್ನಡ ಪದ ನಮ್ಮ ತಾಲ್ಲೂಕಿನದು.

ಆಜ್ಞೆಯ ತಿರುಳೇನು? ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಶ್ರಮಿಸಿದರೆ ಚಿಕ್ಕವನಿಗೂ ದಕ್ಕುತ್ತದೆ. ದೊಡ್ಡವರೂ ಚಿಕ್ಕವರೂ ಶ್ರಮಿಸಲಿ, ಗಡಿಯಾಚೆಯವರೂ ಇದನ್ನು ಅರಿಯಲಿ ಎಂದು ಒಂದು ಮಾತು. ತಂದೆತಾಯಿಯರ ಸೇವೆ ಮಾಡಬೇಕು, ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂದು ಇನ್ನೊಂದು. ರಾಷ್ಟ್ರಲಾಂಛನದ ಸಿಂಹಗಳ ಕೆಳಗೆ ಬರೆದಿರುವ ಸತ್ಯದ ವಾಕ್ಯವನ್ನು ಮುಂಡಕೋಪನಿಷತ್ತಿನಿಂದ ಆರಿಸಿದ್ದಾರೆ. ಆ ಸಿಂಹಗಳ ಒಡೆಯ ಅದೇ ಸತ್ಯವನ್ನು ಜನರ ಭಾಷೆಯಾದ ಪ್ರಾಕೃತದಲ್ಲಿ ನಮ್ಮ ಬಂಡೆಯ ಮೇಲೆ ಬರೆಸಿದ್ದ.

ಇಷ್ಟಾದರೂ ಅಶೋಕನ ಶಾಸನವನ್ನು ಗಣರಾಜ್ಯದ ಪೂರ್ವಜನೆಂದು ಕೊಂಡಾಡುವವರ ಮಾತನ್ನು ನಾನು ಒಪ್ಪಲಾರೆ. ವೇದಿಕೆಯ ಭಾಷಣಗಳಲ್ಲಿ ಇದನ್ನು ಸಾಕಷ್ಟು ಕೇಳಿದ್ದೇನೆ. ಶಾಸನ ಎಷ್ಟೇ ಕರುಣೆಯದ್ದಾಗಿರಲಿ, ಅದು ಮೇಲಿನಿಂದ ಕೆಳಗಿಳಿದದ್ದು: ದೇವಾನಾಂಪ್ರಿಯನಿಂದ ರಾಜಕುಮಾರನಿಗೆ, ಅವನಿಂದ ಮಹಾಮಾತ್ರರಿಗೆ, ಅವರಿಂದ ಜನಕ್ಕೆ. ಇಸಿಲದ ಜನ ಮರಳಿ ಉತ್ತರ ಬರೆಯುವಂತಿರಲಿಲ್ಲ. ಸಂವಿಧಾನದ ಪೀಠಿಕೆಯಲ್ಲಿ ಜನರೇ ಕರ್ತೃ, ಜನರೇ ಸ್ವೀಕರ್ತೃ. ವ್ಯಾಕರಣದಲ್ಲಿ ಕರ್ತೃಪದ ಬದಲಾದರೆ ವಾಕ್ಯವೇ ಬೇರೆಯಾಗುತ್ತದೆ.

ಹೋಲಿಕೆ ಇರುವುದು ಬೇರೊಂದು ಎಡೆಯಲ್ಲಿ. ಆ ಮೂರೂ ಶಾಸನಗಳನ್ನು ಬರೆದವನು ಚಪಡ ಎಂಬ ಲಿಪಿಕಾರ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಎಲ್ಲಿಯ ಗಾಂಧಾರದ ಕಡೆಯ ಲಿಪಿ, ಎಲ್ಲಿಯ ಚಿನ್ನಹಗರಿಯ ದಂಡೆ! ಎರಡು ಸಾವಿರ ವರ್ಷಗಳ ಮೇಲೆ ಸಂವಿಧಾನದ ಮೂಲಪ್ರತಿಯನ್ನು ಕೈಬರಹದಲ್ಲಿ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಕೂಲಿ ಬೇಡ, ಪುಟಪುಟದಲ್ಲೂ ತಮ್ಮ ಹೆಸರಿರಲಿ ಎಂದು ಅವರು ಕೇಳಿಕೊಂಡರೆಂದು ಹೇಳುತ್ತಾರೆ. ಪುಟಗಳ ಚಿತ್ರಾಲಂಕಾರ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದು. ಕಲ್ಲಾಗಲಿ ಕಾಗದವಾಗಲಿ, ಬರೆದ ಕೈಗೆ ತನ್ನ ಗುರುತನ್ನು ಬಿಡುವ ಆಸೆ ಒಂದೇ.

ಇನ್ನೊಂದು ಹೋಲಿಕೆ ಅಷ್ಟು ಸುಖದ್ದಲ್ಲ. ರೈಸ್ ಬಂದಾಗ ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎನ್ನುತ್ತಿದ್ದರು. ಅದರಲ್ಲಿ ಅಕ್ಷರವಿದೆಯೆಂದು ತಿಳಿದಿತ್ತು, ಏನಿದೆಯೆಂದು ತಿಳಿದಿರಲಿಲ್ಲ. ಅದಕ್ಕೆ ರೋಗ ವಾಸಿಮಾಡುವ ಗುಣವಿದೆಯೆಂದು ನಂಬಿದ್ದರು. ಸಿದ್ದಾಪುರದ ಬಂಡೆ ಎಮ್ಮೆ ತಮ್ಮನ ಗುಂಡಾಗಿತ್ತು. ಜಟಿಂಗ ರಾಮೇಶ್ವರದ್ದು ಬಳೆಗಾರರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅದರ ಮೇಲೆ ಸರಕು ಹರಡುತ್ತಿದ್ದರಿಂದ ಅಲ್ಲಿಯ ಅಕ್ಷರಗಳು ತೀರ ಸವೆದಿವೆ. ಅವರನ್ನು ದೂರುವ ಹಕ್ಕು ನಮಗಿಲ್ಲ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವವರೆಗೆ ಆ ಲಿಪಿ ದೇಶದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಚಿಕ್ಕವನಿಗೂ ಧರ್ಮ ದಕ್ಕುತ್ತದೆ ಎಂಬ ಮಾತನ್ನು ಆ ಚಿಕ್ಕವನೇ ಶತಮಾನಗಳ ಕಾಲ ಕೈಮುಗಿದು ಹಾದುಹೋದ. ಓದಲಾಗದ ಬರಹ ದೇವರಾಗುತ್ತದೆ, ಇಲ್ಲವೆ ಅಂಗಡಿಯ ಕಟ್ಟೆಯಾಗುತ್ತದೆ.

ನಾನು ಹುಡುಗನಾಗಿದ್ದಾಗ, ಅಂದರೆ ೧೯೭೦ರ ಸುಮಾರಿನಲ್ಲಿ, ಜನವರಿ ಇಪ್ಪತ್ತಾರರ ಆಚರಣೆ ಹಿಂದಿನ ಸಂಜೆಯೇ ಮೊದಲಾಗುತ್ತಿತ್ತು. ಶಾಲೆಯ ಅಂಗಳಕ್ಕೆ ಸಗಣಿ ನೀರು, ಸುಣ್ಣದ ಗೆರೆ, ಮಾವಿನ ಸೊಪ್ಪಿನ ತೋರಣ. ಬೆಳಗಿನ ಚಳಿಯಲ್ಲಿ ಪ್ರಭಾತಫೇರಿ. ನೇಕಾರರ ಬೀದಿಗೆ ಬಂದಾಗ ಮಗ್ಗಗಳ ಸದ್ದು ಕ್ಷಣಕಾಲ ನಿಲ್ಲುತ್ತಿತ್ತು, ನಾವು ದಾಟಿದೊಡನೆ ಲಾಳಿ ಮತ್ತೆ ಓಡುತ್ತಿತ್ತು. ಕೊನೆಗೆ ಒಂದು ಹಿಡಿ ಬೂಂದಿ. ಚಳ್ಳಕೆರೆಗೆ ಓದಲು ಹೋದ ಮೇಲೆ ಕಂಡ ಹಬ್ಬಕ್ಕೆ ಕಡಲೆಕಾಯಿ ಎಣ್ಣೆ ಮಿಲ್ಲುಗಳ ವಾಸನೆ ಬೆರೆತಿರುತ್ತಿತ್ತು. ಎಣ್ಣೆಯ ಊರೆಂದು ಹೆಸರಾದ ಆ ಪೇಟೆಯಲ್ಲಿ ಜನವರಿ ಬಿಡುವಿಲ್ಲದ ಕಾಲ. ಮಿಲ್ಲಿನ ಹಮಾಲರು ಮೂಟೆ ಇಳಿಸಿ ಬಂದು ಮೈದಾನದ ಬೇಲಿಯ ಹೊರಗೆ ನಿಂತು ಕವಾಯತು ನೋಡುತ್ತಿದ್ದರು.

ಆಚರಣೆಯಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಆಗಸ್ಟ್ ೧೫ರಂದು ಧ್ವಜವನ್ನು ಕಂಬದ ಬುಡದಿಂದ ಮೇಲಕ್ಕೇರಿಸುತ್ತಾರೆ. ಪರಾಧೀನವಾಗಿದ್ದ ನಾಡು ಎದ್ದು ನಿಂತಿತೆಂಬ ಸೂಚನೆ ಅದು. ಜನವರಿ ೨೬ರಂದು ಧ್ವಜ ಮೊದಲೇ ತುದಿಯಲ್ಲಿ ಮಡಿಕೆಯಾಗಿ ಕಟ್ಟಿರುತ್ತದೆ, ಅಂದು ಬಿಚ್ಚುವುದಷ್ಟೆ. ದೆಹಲಿಯಲ್ಲಿ ಮೊದಲನೆಯದು ಪ್ರಧಾನಮಂತ್ರಿಯ ಕೆಲಸ, ಎರಡನೆಯದು ರಾಷ್ಟ್ರಪತಿಯ ಕೆಲಸ. ತಾಲ್ಲೂಕಿನಲ್ಲಿ ಎರಡಕ್ಕೂ ತಹಸೀಲ್ದಾರರೇ. ಅಧಿಕೃತ ಖಾದಿ ಧ್ವಜಗಳಿಗೆ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಸಂಘ ಹೆಸರಾದದ್ದು. ೨೦೨೧ರ ಕೊನೆಯಲ್ಲಿ ನಿಯಮ ತಿದ್ದುಪಡಿಯಾಗಿ ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆಗೂ ಅವಕಾಶವಾಯಿತು. ಮಗ್ಗದ ಊರಿನಲ್ಲಿ ಹುಟ್ಟಿದ ನನಗೆ ಅದು ಹಿಡಿಸಲಿಲ್ಲ ಎಂದಷ್ಟೇ ಹೇಳಿ ಬಿಡುತ್ತೇನೆ. ೨೦೨೩ರಿಂದ ರಾಜ್ಯದ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುವ ಕ್ರಮ ಬಂದಿದೆ. ಇದು ಒಳ್ಳೆಯ ಬದಲಾವಣೆ. ಪುಸ್ತಕದ ಹಬ್ಬದಲ್ಲಿ ಪುಸ್ತಕದ ಮೊದಲ ಪುಟವಾದರೂ ತೆರೆಯಿತು.

ಉಳಿದ ಪುಟಗಳನ್ನು ತೆರೆದವರು ಯಾರು? ಚಳ್ಳಕೆರೆಯ ಅಮೃತಮಹಲ್ ಕಾವಲುಗಳ ಸುತ್ತಲಿನ ಕುರಿಗಾಹಿಗಳೂ ದನಗಾಹಿಗಳೂ ತೆರೆದರು. ಒಡೆಯರ ಬೆಣ್ಣೆಚಾವಡಿಯ ದನಗಳಿಗೆಂದು ಮೀಸಲಾಗಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಈ ಹುಲ್ಲುಗಾವಲುಗಳಲ್ಲಿ ಸಾವಿರಾರು ಎಕರೆಯನ್ನು ೨೦೦೯ರಿಂದೀಚೆಗೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು. ಕಂಬಳಿಗೆ ಉಣ್ಣೆ ಕೊಡುವ ಕುರಿಗೂ ಹುಲ್ಲು ಬೇಕು. ಬೇಲಿ ಎದ್ದಾಗ ಹಟ್ಟಿಯ ಜನ ಹಿಂದಿನಂತೆ ಅಹವಾಲು ಹಿಡಿದು ಅರಮನೆಯ ಬಾಗಿಲಲ್ಲಿ ನಿಲ್ಲಲಿಲ್ಲ. ಹೈಕೋರ್ಟಿಗೂ ಹಸಿರು ನ್ಯಾಯಪೀಠಕ್ಕೂ ಹೋಗಿ ಸರ್ಕಾರವೇ ಉತ್ತರ ಹೇಳುವಂತೆ ಮಾಡಿದರು. ಅವರು ಬೇಡಿದ್ದೆಲ್ಲ ಸಿಕ್ಕಿತೆಂದಲ್ಲ. ಆದರೆ ಇಸಿಲದವರು ಬರೆಯಲಾಗದಿದ್ದ ಉತ್ತರ ಪತ್ರವನ್ನು ಇವರು ಬರೆದರು.

ಕೆಲವು ವರ್ಷಗಳ ಹಿಂದೆ ಗಣರಾಜ್ಯೋತ್ಸವದ ಸಭೆಯೊಂದರಲ್ಲಿ ಮಾತನಾಡಿ ಹೊರಬಂದಾಗ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಸಂವಿಧಾನದ ಕನ್ನಡ ಪ್ರತಿಯನ್ನು ತೋರಿಸಿ, “ಮೇಷ್ಟ್ರೇ, ಇದ್ರಾಗೆ ನಮ್ಮ ಮಗ್ಗದ ಸುದ್ದಿ ಏನಾನ ಐತಾ?” ಎಂದರು. ನಲವತ್ತಮೂರನೆಯ ಅನುಚ್ಛೇದವನ್ನು ತೆಗೆದು, ಗ್ರಾಮಾಂತರದ ಗುಡಿಕೈಗಾರಿಕೆಗಳನ್ನು ರಾಜ್ಯ ಪ್ರೋತ್ಸಾಹಿಸಬೇಕೆಂಬ ಮಾತನ್ನು ಓದಿ ಹೇಳಿದೆ. “ಅಂದ್ರೆ ಕೋರ್ಟಿಗೆ ಹೋದ್ರೆ ಇದು ನಿಲ್ತೈತಾ?” ಎಂದು ಕೇಳಿದರು. ಅದು ನಿರ್ದೇಶಕ ತತ್ತ್ವ, ಅದರ ಬಲದಿಂದಲೇ ನ್ಯಾಯಾಲಯದಲ್ಲಿ ಹಕ್ಕು ಕೇಳಲು ಬರುವುದಿಲ್ಲ ಎಂದು ವಿವರಿಸಿದೆ. “ಹಂಗಾರೆ ಬ್ರಹ್ಮಗಿರಿ ಬಂಡಿ ಮ್ಯಾಲಿನ ಬುದ್ಧಿಮಾತು ಇದ್ದಂಗೆ,” ಎಂದರು ಅವರು, ನಗದೆ.

ಅಲ್ಲ, ಯಜಮಾನರೇ, ಎಂದೆ. ಆ ಮಾತನ್ನು ನೆಚ್ಚಿ ಸಂಸತ್ತು ೧೯೮೫ರಲ್ಲಿ ಕೈಮಗ್ಗದ ಮೀಸಲಾತಿಯ ಕಾಯಿದೆ ಮಾಡಿತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು, ವಿದ್ಯುತ್ ಮಗ್ಗದಲ್ಲಿ ನೇಯಬಾರದು ಎಂದು ಅದರ ಕಟ್ಟಳೆ. ವಿದ್ಯುತ್ ಮಗ್ಗದವರು ಅದನ್ನು ಪ್ರಶ್ನಿಸಿದಾಗ ೧೯೯೩ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಬಳಿಕ ಮೀಸಲು ಬಟ್ಟೆಗಳ ಪಟ್ಟಿ ಇಪ್ಪತ್ತೆರಡರಿಂದ ಹನ್ನೊಂದಕ್ಕೆ ಇಳಿದರೂ ಸೀರೆ ಅದರಲ್ಲಿ ಉಳಿದಿದೆ. ನಿಮ್ಮ ಸೀರೆಯ ಅಂಚನ್ನೂ ಸೆರಗನ್ನೂ ಯಂತ್ರದಲ್ಲಿ ನಕಲು ಮಾಡಿ ಕೈಮಗ್ಗದ್ದೆಂದು ಮಾರುವವನ ಮೇಲೆ ದೂರು ಕೊಡಲು ಈ ಕಾಯಿದೆ ಇದೆ, ಮೊಳಕಾಲ್ಮೂರು ಸೀರೆಗೆ ಸಿಕ್ಕಿರುವ ಭೌಗೋಳಿಕ ಸೂಚಿಯೂ ಇದೆ ಎಂದು ಹೇಳಿದೆ. ಅವರು ಅಂಗಿಯ ಜೇಬಿನಿಂದ ಜರಿ ಅಂಗಡಿಯ ಲೆಕ್ಕದ ಚೀಟಿಯೊಂದನ್ನು ತೆಗೆದು, ಅದರ ಬೆನ್ನ ಮೇಲೆ ಕಾಯಿದೆಯ ಹೆಸರನ್ನೂ ಇಸವಿಯನ್ನೂ ಬರೆದುಕೊಡಲು ಕೇಳಿದರು. ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟೆ. ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಬೀದಿಯ ಕಡೆಗೆ ನಡೆದರು.